ಕಾಂತಮ್ಮ ತುಳಿದ ಬೆನ್ನು

ಕ್ಯಾಸಂಬಳ್ಳಿ ಸುತ್ತಿನಲ್ಲಿ ಯಾರಿಗೆ ಬೆನ್ನು ಹಿಡಿದರೂ ಕಾಂತಮ್ಮನ ಬಾಗಿಲಿಗೇ ಬರುತ್ತಿದ್ದರು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು ಅವಳು. ಅಂಥವರು ಮೂರು ಸಲ ತುಳಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕಾಗಿ ಅವಳು ಯಾರಿಂದಲೂ ಒಂದು ಎಲೆ ಅಡಿಕೆ ಕೇಳಿದವಳಲ್ಲ.

ಗಂಡ ಕೆಂಪಣ್ಣ ಬಂಗಾರಪೇಟೆಯಲ್ಲಿ ಟೊಮೇಟೊ ಬಾಕ್ಸ್ ಹೊರುವ ಆಳು. ಹೋದ ವರ್ಷ ಅವನ ನಡುಬೆನ್ನಲ್ಲಿ ನೋವು ಬಂದು ಕೂತಿತು. ಆಸ್ಪತ್ರೆಗೆ ಓಗಿ ಬರಾಣ ಎಂದಳು ಕಾಂತಮ್ಮ.

"ಊರೋರ ಬೆನ್ನೆಲ್ಲ ತುಳೀತೀಯ, ನನ್ ಬೆನ್ನೇನು ಪಾಪ ಮಾಡೈತೆ?" ಎಂದು ಅವನು ಬೋರಲು ಮಲಗಿದ. "ಇಪ್ಪತ್ತು ವರ್ಸ ತಲೆ ಮ್ಯಾಲೆ ಕುಂತಿದ್ದೀಯ, ಇವತ್ತು ಬೆನ್ನು ಹತ್ತು."

"ಬಾಯಿಗೇನೂ ಉಳುಕಿಲ್ಲ ಬಿಡು," ಎಂದು ನಗುತ್ತಾ ಗೋಡೆ ಹಿಡಿದು ತುಳಿದಳು.

ಅವತ್ತು ಹಗುರಾಯಿತು. ನೋವು ಮರಳಿದಾಗಲೆಲ್ಲ ಮತ್ತೆ ತುಳಿದಳು. ಹೀಗೇ ಐದು ತಿಂಗಳು. ಒಂದು ಬೆಳಿಗ್ಗೆ ಬಚ್ಚಲಿಗೆ ಹೊರಟವನಿಗೆ ಕಾಲಿಂದ ಚಪ್ಪಲಿ ಕಳಚಿದ್ದೇ ತಿಳಿಯಲಿಲ್ಲ. ನಾಲ್ಕು ಹೆಜ್ಜೆಗೆ ಕುಸಿದು ಬಿದ್ದ. ಉಗುರಲ್ಲಿ ಹೋಗಬೇಕಾದ್ದು ಕೊಡಲಿಗೆ ಬಂದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಸುಮಿತಾ ಸ್ಕ್ಯಾನ್ ನೋಡಿ ಬಿಡಿಸಿ ಹೇಳಿದರು: "ಬೆನ್ನುಮೂಳೆ ನಡುವಿನ ಡಿಸ್ಕ್ ಕಲ್ಲಿನಂತಾಗಿ ನರದ ಹುರಿಯನ್ನು ಒತ್ತುತ್ತಿದೆ. ನಡುಬೆನ್ನಲ್ಲಿ ಜಾಗವೇ ಕಿರಿದು. ಬರೀ ನೋವಿದ್ದಾಗ ಬಂದಿದ್ದರೆ ಮಾತ್ರೆ, ವ್ಯಾಯಾಮ ಸಾಕಾಗುತ್ತಿತ್ತೇನೋ. ಈಗ ಹಾಗೇ ಬಿಟ್ಟರೆ ಕಾಲೂ ಹೋಗುತ್ತೆ, ಮೂತ್ರದ ಹಿಡಿತವೂ ಹೋಗುತ್ತೆ. ಪಕ್ಕೆಯಲ್ಲಿ ಕೊಯ್ದು, ಪಕ್ಕೆಲುಬು ಸ್ವಲ್ಪ ತೆಗೆದು, ಶ್ವಾಸಕೋಶ ಸರಿಸಿ ಒತ್ತಡ ಬಿಡಿಸಬೇಕು. ಆದರೆ ಆಪರೇಷನ್ನಲ್ಲೇ ನರಕ್ಕೆ ಪೆಟ್ಟಾಗಿ ಕಾಲು ಹೋಗುವುದೂ ಉಂಟು."

"ನಾನು ತುಳಿದಿದ್ದಕ್ಕಾ ಇಂಗಾಗಿದ್ದು?" ಕಾಂತಮ್ಮ ಕೇಳಿದಳು.

ಡಾಕ್ಟರು ಸ್ಕ್ಯಾನ್ ಕೆಳಗಿಟ್ಟರು. "ತುಳಿಯಬಾರದಿತ್ತಮ್ಮ. ಅದರಿಂದಲೇ ಎಂದು ಹೇಳಲಾರೆ. ತಡವಾಗಿದ್ದಂತೂ ನಿಜ."

"ಕುಂತಲ್ಲೇ ಕೊಳೆಯೋಕಿಂತ ಒಂದ್ ಕೈ ನೋಡಾಣ," ಎಂದು ಕೆಂಪಣ್ಣ ಸೈನು ಹಾಕಿದ.

ಆಪರೇಷನ್ ಆಯಿತು. ನೋವು ಹೋಯಿತು, ಮೂತ್ರದ ಹಿಡಿತ ಉಳಿಯಿತು. ಕಾಲು ಬರಲಿಲ್ಲ. ಇನ್ನೂ ಕಾಯಬೇಕು, ದಿನಾ ಕಾಲು ನೀವಬೇಕು ಎಂದಿದ್ದಾರೆ. ತುಳಿಸಿಕೊಳ್ಳಲು ಬಂದವರನ್ನು ಕಾಂತಮ್ಮ ಈಗ ಹೊಸ್ತಿಲಿಂದಲೇ ಆಸ್ಪತ್ರೆಗೆ ಅಟ್ಟುತ್ತಾಳೆ. ಊರು ಅವಳಿಗೆ ಜಂಬ ಬಂದಿದೆ ಎನ್ನುತ್ತದೆ.

ಎಂಟು ತಿಂಗಳಿಂದ ದಿನ ಬೆಳಗಾದರೆ ಅವಳು ಗಂಡನ ಪಾದ ಒತ್ತುತ್ತಾ, "ಗೊತ್ತಾಗ್ತೈತಾ?" ಎಂದು ಕೇಳುತ್ತಾಳೆ. ಅವನು ಇಲ್ಲವೆಂದು ತಲೆಯಾಡಿಸುತ್ತಾನೆ. ಮೊನ್ನೆ ಹಾಗೆ ಕೇಳಿ, ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿಕೊಂಡಳು. ಸೂರು ನೋಡುತ್ತಾ ಮಲಗಿದ್ದ ಕೆಂಪಣ್ಣ ಹೇಳಿದ: "ಗೊತ್ತಾಗ್ತೈತೆ ಕಣೇ. ಹೆಬ್ಬೆಳ್ಳು ವಸಿ ಜೋರಾಗೇ ಒತ್ತಿದೆ."

ಅವಳ ಎರಡು ಕೈಯೂ ಸೆರಗಿನಲ್ಲಿದ್ದವು.

"ಅಂಗಾದ್ರೆ ಮೆಲ್ಲಗೆ ಒತ್ತುತೀನಿ," ಎಂದಳು.