ಗಾಯ ಮಾಯಿಸಿಕೊಂಡ ಗೆಣಸು

ದುಂಡಸಿಯ ಸಾವಂತ್ರವ್ವ ಮೂವತ್ತು ವರ್ಷದಿಂದ ಗೆಣಸು ಬೆಳೆಯುವವಳು. ಕೀಳುವಾಗ ಗುದ್ದಲಿ ತಾಗಿದ ಗೆಡ್ಡೆ ಎಂಟೇ ದಿನಕ್ಕೆ ಮೆತ್ತಗಾಗಿ ನಾರುತ್ತದೆ, ಪಕ್ಕದ ನಾಲ್ಕನ್ನೂ ಕೆಡಿಸುತ್ತದೆ. ಏಟು ಬಿದ್ದದ್ದು ಅವತ್ತೇ ಬೇಯಬೇಕು, ಇಲ್ಲವೇ ಎಮ್ಮೆಯ ಪಾಲಾಗಬೇಕು. ಇದು ಅವಳಿಗೆ ಬಾಯಿಪಾಠ.

ಆರು ವರ್ಷದ ಹಿಂದೆ ಅಟ್ಟ ಗುಡಿಸುವಾಗ ಚೀಲಗಳ ಸಂದಿಯಲ್ಲಿ ಒಂದು ಸೀಳಿದ ಗೆಡ್ಡೆ ಸಿಕ್ಕಿತು. ಎರಡು ತಿಂಗಳು ಹಳೆಯದು. ಮೂಗು ಮುಚ್ಚಿಕೊಂಡೇ ಎತ್ತಿದಳು. ನಾತವೇ ಇಲ್ಲ! ಸೀಳಿನ ಮೇಲೆ ಗಟ್ಟಿಯಾಗಿ ಹೊಸ ಸಿಪ್ಪೆ ಬಂದು, ಮಕ್ಕಳ ಮೊಣಕಾಲಿನ ಗಾಯ ಹಕ್ಕಳೆ ಕಟ್ಟಿದ ಹಾಗಿತ್ತು.

"ಎಮ್ಮಿಗೆ ಹಾಕ್ ಅದನ್ನ" ಎಂದ ಗಂಡ ಕರಬಸಪ್ಪ.

"ಹಾಕಂಗಿಲ್ರಿ. ಬದುಕಾಕಂತ ಹಟ ಹಿಡದೈತಿ ಇದು."

ಬಚ್ಚಲ ನೀರು ಹರಿಯುವಲ್ಲಿ ಅದನ್ನು ಹೂತಳು. ಚಿಗುರಿದ ಬಳ್ಳಿಯನ್ನು ತುಂಡು ಮಾಡಿ ಹೊಲದ ಒಂದು ಸಾಲಿಗೆ ಹಚ್ಚಿದಳು. ಫಸಲು ಬಂದಾಗ ತಾನೇ ಕುಡುಗೋಲಿನಿಂದ ಹತ್ತು ಗೆಡ್ಡೆಗೆ ಗಾಯ ಮಾಡಿದಳು, ಹಳೆಯ ತಳಿಯ ಹತ್ತಕ್ಕೂ ಮಾಡಿದಳು. ಹಳೆಯವು ಕೊಳೆತವು, ಹೊಸವು ಮಾಯ್ದವು. ಮೂರು ವರ್ಷ ಮಾಡಿ ನೋಡಿದರೂ ಹಾಗೇ ಆಯಿತು. ಬೆಳೆದ ಮಾಲಿಗೆ ತಾನೇ ಕುಡುಗೋಲು ಹಾಕುವವಳನ್ನು ಕಂಡು ಊರು ನಕ್ಕಿತು.

ಶಿಗ್ಗಾವಿಯಲ್ಲೊಮ್ಮೆ ರೈತರ ತರಬೇತಿ ನಡೆಯಿತು. ಗೆಡ್ಡೆಗಳ ತಳಿ ವಿಜ್ಞಾನಿ ಪದ್ಮಜಾ ಬಂದಿದ್ದರು. ಸಾವಂತ್ರವ್ವ ಎದ್ದುಹೋಗಿ ಮಾಯ್ದ ಗೆಡ್ಡೆಯನ್ನು ಅವರ ಮೇಜಿನ ಮೇಲಿಟ್ಟಳು.

"ಅಕ್ಕಾರ, ಗಾಯ ಮಾಯೂ ಗುಣಾ ತಾಯಿಂದ ಬರ್ತೈತೇನ್ರಿ? ಮಂದಿ ಅದನ್ನ ಹಚ್ಚಿದ ಸಾಲಿನ ಮಣ್ಣಿನ ಮಹಿಮಾ ಅಂತಾರ."

ಪದ್ಮಜಾ ಗೆಡ್ಡೆಯನ್ನು ತಿರುತಿರುಗಿಸಿ ನೋಡಿದರು. "ಮಣ್ಣೋ, ವಂಶಾನೋ? ಬ್ಯಾರೆ ಮಣ್ಣಿನ್ಯಾಗ ಹಚ್ಚಿದ್ರ ಗೊತ್ತಾಗತದ್ರಿ."

ತರಬೇತಿಗೆ ಬಂದಿದ್ದ ಹುಲಗೂರಿನ ನುಜಹತ ಎಂಬ ರೈತ ಹೆಣ್ಣುಮಗಳು ತನ್ನ ಹೊಲದಲ್ಲಿ ಜಾಗ ಕೊಟ್ಟಳು. ಎರಡೂ ತಳಿ ಅಕ್ಕಪಕ್ಕ ಬೆಳೆದವು. ಕಿತ್ತ ಮೇಲೆ ಒಂದೇ ಚಾಕುವಿನಿಂದ ಗಾಯ ಮಾಡಿ, ಒಂದೇ ಸೂರಿನಡಿ ಬೇರೆ ಬೇರೆ ಬುಟ್ಟಿಯಲ್ಲಿಟ್ಟರು. ಆರು ವಾರಕ್ಕೆ ಹಳೆಯ ತಳಿಯ ಬುಟ್ಟಿಯಿಂದ ರಸ ಸೋರುತ್ತಿತ್ತು. ಸಾವಂತ್ರವ್ವನ ಬುಟ್ಟಿಯಲ್ಲಿ ನಲವತ್ತಕ್ಕೆ ಮೂವತ್ತೊಂಬತ್ತು ಗಟ್ಟಿಯಾಗಿದ್ದವು.

"ಯಾ ಅಲ್ಲಾ! ಬಳ್ಳಿ ಜೋಡಿ ಗುಣಾನೂ ಗಂಟ ಕಟ್ಕೊಂಡ ಬಂದೈತಿ!" ಎಂದು ನುಜಹತ ಚಪ್ಪಾಳೆ ತಟ್ಟಿದಳು.

"ಬಳ್ಳಿ ಅಂದ್ರ ತಾಯಿ ಪಡಿಯಚ್ಚು. ಬೀಜದಾಗ ಏನಾಗತದ, ಅದನ್ನೂ ನೋಡೋಣ" ಎಂದರು ಪದ್ಮಜಾ.

ಅದನ್ನು ನೋಡಲು ಎರಡು ವರ್ಷ ಬೇಕಾಯಿತು. ಸಕ್ಕರೆಯಂಥ ಸಿಹಿಯ, ಆದರೆ ಬೇಗ ಕೊಳೆಯುವ ಕೆಂಪು ಗೆಣಸಿನ ಜೊತೆ ಪದ್ಮಜಾ ಇದನ್ನು ಬೆರಕೆ ಮಾಡಿದರು. ಹುಟ್ಟಿದ ಸಸಿಗಳಲ್ಲಿ ಕೆಲವು ಅಪ್ಪ ಕೆಂಪು ಗೆಣಸಿನಂತೆ, ಕೆಲವು ಅವ್ವನಂತೆ. ಒಂದು ಸಸಿಗೆ ಮಾತ್ರ ಅಪ್ಪನ ಸಿಹಿಯೂ ಅವ್ವನ ಹಟವೂ ಒಟ್ಟಿಗೆ ಬಂದಿದ್ದವು. ಗುಣ ವಂಶದ್ದೇ ಎಂಬುದು ಖಾತ್ರಿಯಾಯಿತು.

"ಇದಕ್ಕ ‘ಸಾವಂತ್ರಿ’ ಅಂತ ಹೆಸರಿಡೋಣೇನ್ರಿ?" ಎಂದು ಕೇಳಿದರು ಪದ್ಮಜಾ.

"ಬ್ಯಾಡ್ರೀ ಅಕ್ಕಾರ! ನಾಳೆ ಸಂತ್ಯಾಗ ಮಂದಿ ‘ಸಾವಂತ್ರಿನ್ನ ಕುದಿಸಿದ್ರ ರುಚಿ’ ಅಂತಾರ!"

ಕರಬಸಪ್ಪ ನಗುತ್ತ ನಗುತ್ತ ಕೆಮ್ಮಿಬಿಟ್ಟ. ಅವಳು ಎಷ್ಟು ಬೇಡವೆಂದರೂ ಹೆಸರು ನಿಂತೇಬಿಟ್ಟಿತು.

ಈ ಮುಂಗಾರಿಗೆ ತಡಸ, ಹುಲಗೂರುಗಳಿಂದ ಹನ್ನೊಂದು ಹೆಂಗಸರು ‘ಸಾವಂತ್ರಿ’ ಬಳ್ಳಿ ಕೇಳಿಕೊಂಡು ದುಂಡಸಿಯಲ್ಲಿ ಬಸ್ಸಿಳಿದರು. ಸಾವಂತ್ರವ್ವ ಬಳ್ಳಿಯ ಹೊರೆ ಕಟ್ಟಿ ಒಬ್ಬೊಬ್ಬರ ಮಡಿಲಿಗೂ ಹಾಕಿದಳು.

"ಮಗಳ್ನ ಕೊಟ್ಟಂಗ ಕೊಡಾಕತ್ತೇನಿ. ಚಲೋತ್ನಂಗ ನೋಡ್ಕೋರಿ."