ಬಾಗಿಲಲ್ಲಿ ಸಿಕ್ಕಿಕೊಂಡ ತೊಟ್ಟಿಲು

ನಮ್ಮ ಬೀದಿಯ ಬಡಗಿಯನ್ನು ಎಲ್ಲರೂ ಇನ್ನೊಂದಿಂಚು ಮಾವ ಎಂದೇ ಕರೆಯುತ್ತಿದ್ದರು. ಸ್ಟೂಲು ಕೇಳಿದವರಿಗೆ ಬೆಂಚು, ಬೆಂಚು ಕೇಳಿದವರಿಗೆ ಮಂಚ ಸಿಗುತ್ತಿತ್ತು. “ಇನ್ನೊಂದಿಂಚು ಇರಲಿ, ಮೈ ಬೆಳೆಯೋದೇ ಹೊರತು ಕುಗ್ಗೋದಿಲ್ಲ” ಎನ್ನುತ್ತಿದ್ದರು.

ಮಗಳು ಬಸುರಿಯಾದಾಗ ತೊಟ್ಟಿಲಿಗೆ ಕೈಹಾಕಿದರು. ಸ್ಕ್ಯಾನು ಮಾಡಿದಾಗೆಲ್ಲ ಡಾಕ್ಟರಮ್ಮ, ಮಗು ತಿಂಗಳಿಗೆ ಮೀರಿ ದೊಡ್ಡದು ಎನ್ನುತ್ತಿದ್ದರು. ಮಾವ ಹಿಗ್ಗಿ ಹೀರೇಕಾಯಿಯಾಗಿ ತೊಟ್ಟಿಲಿಗೆ ಮತ್ತೊಂದು ಹಲಗೆ ಸೇರಿಸುತ್ತಿದ್ದರು. ಅಂಗಡಿಯ ನೆಲದ ತುಂಬ ಮರ ಹೆರೆದ ಸುರುಳಿ ಸಿಪ್ಪೆ, ಕೂಸಿನ ಗುಂಗುರು ಕೂದಲಿನ ಹಾಗೆ.

ಕೊನೆಯ ಸ್ಕ್ಯಾನು ನೋಡಿ ಡಾಕ್ಟರಮ್ಮ ನಗಲಿಲ್ಲ. “ಅಳತೆ ಸ್ವಲ್ಪ ಆಚೀಚೆ ಆಗಬಹುದು. ಆದ್ರೆ ಮಗು ತುಂಬಾನೇ ದೊಡ್ಡದಿದೆ, ನಿಮಗೆ ಸಕ್ಕರೆ ಕಾಯಿಲೆ ಬೇರೆ. ಹೆರಿಗೇಲಿ ಮಗು ಭುಜ ಸಿಕ್ಕಿಕೊಂಡ್ರೆ ಕಷ್ಟ. ಸೋಮವಾರ ಆಪರೇಷನ್ ಮಾಡೋಣ.”

“ಅದ್ಯಾಕೆ ಅವಸರ? ಹುಟ್ಟಿದಾಗ ನೀನೂ ಗುಂಡುಗುಂಡಗೇ ಇದ್ದೆ. ಬರೋದು ತಾನಾಗೇ ಬರುತ್ತೆ ಬಿಡು” ಎಂದರು ಮಾವ, ಮನೆಗೆ ಬಂದ ಮೇಲೆ.

“ಹೆತ್ತೋಳು ನಾನು, ಅನುಭವ ಇವರದು” ಎಂದು ಮಾವನ ಹೆಂಡತಿ, ನಮ್ಮೆಲ್ಲರ ಅತ್ತೆ, ಗೊಣಗಿದರು.

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಳು. ಅವಳಿಗೆ ಕತ್ತರಿಯೆಂದರೂ ಭಯ, ಕಾಯುವುದೆಂದರೂ ಭಯ.

ಭಾನುವಾರ ತೊಟ್ಟಿಲು ಮುಗಿಯಿತು. ಹೊರಗಿನಿಂದ ಮಾವ, ಒಳಗಿನಿಂದ ಅಳಿಯ ಹಿಡಿದೆತ್ತಿದರು. ಅದು ಅಂಗಡಿ ಬಾಗಿಲಲ್ಲಿ ಸಿಕ್ಕಿಕೊಂಡಿತು. ವಾಲಿಸಿದರು, ನಿಲ್ಲಿಸಿದರು, ಜಗ್ಗಿದರು. ಕೀಲುಗಳಿಗೆ ಅಂಟು ಹಾಕಿ ಬಿಗಿದಿದ್ದರಿಂದ ಬಿಚ್ಚುವ ಹಾಗೂ ಇರಲಿಲ್ಲ. ಒಳಗೇ ಉಳಿದ ಅಳಿಯನಿಗೆ ಅತ್ತೆ ಕಿಟಕಿಯಿಂದ ಚಹಾ ಕೊಟ್ಟರು.

“ಅಪ್ಪಾ, ಮೊದಲೇ ಬಾಗಿಲು ಅಳೀಲಿಲ್ವಾ?” ಎಂದಳು ಮಗಳು.

“ಹೇಗೋ ಬರುತ್ತೆ ಅಂದ್ಕೊಂಡೆ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಅವರ ಕಣ್ಣು ತೊಟ್ಟಿಲಿನಿಂದ ಮಗಳ ಹೊಟ್ಟೆಗೆ ಹೋಯಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಗು ಭುಜದಲ್ಲಿ ಕುಣಿಯುತ್ತಿತ್ತು.

ಮಾವ ತೊಟ್ಟಿಲನ್ನು ಒಳಕ್ಕೆ ನೂಕಿ, ದೊಡ್ಡ ಕಿಟಕಿಯನ್ನು ಟೇಪಿನಿಂದ ಅಳೆದು, ಚೌಕಟ್ಟು ಸಮೇತ ಕಿತ್ತರು. ಮೊದಲು ತೊಟ್ಟಿಲು ಹೊರಬಂತು, ಅದರ ಹಿಂದೆ ಅಳಿಯ.

“ನಾಳೆ ಹೋಗೋಣಮ್ಮ” ಎಂದರು ಮಾವ, ಮಗಳ ಮುಖ ನೋಡದೆ. “ಡಾಕ್ಟರಮ್ಮ ಅಳೆದು ಹೇಳಿದ್ದಾರೆ, ಕೇಳೋಣ.”

ಮರುದಿನ ನರ್ಸು ಮಗುವನ್ನು ತಂದು ಅವರ ಕೈಗಿಟ್ಟಾಗ ತೋಳು ಒಮ್ಮೆ ಕೆಳಗೆ ಜಗ್ಗಿತು. ಪುಟ್ಟ ಪೈಲ್ವಾನನಂಥ ಭುಜಗಳ ಮೇಲೆ ಗೇಣು ಹಿಡಿದು ನೋಡಿದರು. ಕಣ್ಣು ತುಂಬಿಕೊಂಡಿತು.

ಹಾಸಿಗೆಯಿಂದ ಮಗಳು ಮೆಲ್ಲಗೆ ಕೇಳಿದಳು, “ಅಪ್ಪಾ, ಇನ್ನೊಂದಿಂಚು?”

“ಬೇಡಮ್ಮ. ಇಷ್ಟು ಸಾಕು.”