ಟರ್ಕಿ ಕೋಳಿ ಹಿಡಿಯಲು ಕಲಿತ ಚಳಿಗಾಲ

ಮಗಳಿಗೆ ಆಗ ಎಂಟೋ ಒಂಬತ್ತೋ ವರ್ಷ. ನಾವು ದೋಹಾದ ಅಲ್ ಮನ್ಸೂರಾದಲ್ಲಿದ್ದೆವು. ಕೆಳಗೆ ದೋಸೆ ಹೋಟೆಲು, ಮೇಲೆ ಎರಡು ಕೋಣೆಯ ನಮ್ಮ ಮನೆ. ನಾನು ನೀರಿನ ಪಂಪು ರಿಪೇರಿ ಮಾಡುವ ಕಂಪೆನಿಯಲ್ಲಿದ್ದೆ, ನನ್ನವಳು ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಶುಕ್ರವಾರ ನನಗೆ ರಜೆ, ಅವಳಿಗೆ ಡ್ಯೂಟಿ. ಹಾಗಾಗಿ ವಾರದಲ್ಲಿ ಆ ಒಂದು ದಿನ ಮಗಳು ನನ್ನ ಪಾಲಿಗೆ ಬರುತ್ತಿದ್ದಳು. ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬುದೇ ನನಗೆ ದೊಡ್ಡ ಚಿಂತೆ. ಮಾಲಿಗೆ ಹೋದರೆ ಅವಳು ಆಟದ ಯಂತ್ರಗಳ ಮುಂದೆ, ನಾನು ಬೆಂಚಿನ ಮೇಲೆ. ಮನೆಗೆ ಬಂದ ಮೇಲೆ ನಾವಿಬ್ಬರೂ ಏನು ಮಾತಾಡಿದೆವೆಂದು ನೆನಪಿಸಿಕೊಂಡರೆ ಏನೂ ಇರುತ್ತಿರಲಿಲ್ಲ.

ಕಂಪೆನಿಯ ಹಳೆಯ ಗಿರಾಕಿಯೊಬ್ಬರಿಗೆ ಉತ್ತರದ ಕಡೆ ಒಂದು ತೋಟವಿತ್ತು. ಅಂಥ ತೋಟಕ್ಕೆ ಇಲ್ಲಿ ಎಲ್ಲರೂ ಮಝ್ರಾ ಎನ್ನುತ್ತಾರೆ. ಖರ್ಜೂರದ ಸಾಲು, ಆಡುಗಳಿಗೆ ಹಸಿರು ಹುಲ್ಲಿನ ಗದ್ದೆ, ಒಂದು ಕೋಳಿಮನೆ, ಹಿಂದೆ ಬೋರೆ ಮರಗಳು ಮತ್ತು ಮುಳ್ಳು ಪೊದೆಗಳ ಒಂದು ಮೂಲೆ, ಅದರಾಚೆ ಬರೀ ಕಲ್ಲು ಮರಳು. ಯಜಮಾನರು ಕತಾರಿನವರೇ. ಎಪ್ಪತ್ತು ದಾಟಿತ್ತು. ಎಲ್ಲರೂ ಅವರನ್ನು ಬಾಬಾ ಎನ್ನುತ್ತಿದ್ದರು. ಹುಡುಗನಾಗಿದ್ದಾಗ ತಂದೆಯ ಜೊತೆ ಬೊಂಬಾಯಿಗೆ ಹೋಗಿ ಬರುತ್ತಿದ್ದರಂತೆ, ಆ ಕಾಲದ ಹಿಂದಿ ಅವರ ಬಾಯಲ್ಲಿ ಹಾಗೆಯೇ ಉಳಿದಿತ್ತು. ನಾನು ಡಿಪ್ಲೊಮಾ ಮಾಡಿದ ಮೆಕ್ಯಾನಿಕ್ ಮಾತ್ರ, ಆದರೂ ಅವರು ನನ್ನನ್ನು 'ಮುಹಂದಿಸ್', ಅಂದರೆ ಎಂಜಿನಿಯರ್, ಎಂದೇ ಕರೆಯುತ್ತಿದ್ದರು. ಒಂದು ಶುಕ್ರವಾರ ತೋಟದ ಪಂಪು ಕೆಟ್ಟಿತೆಂದು ಫೋನ್ ಬಂತು. ಮಗಳನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲ, ಜೊತೆಗೇ ಕರೆದುಕೊಂಡು ಹೋದೆ.

ಹಿಂದಿನ ವಾರ ಬಲವಾದ ಗಾಳಿ ಬೀಸಿ ಕೋಳಿಮನೆಯ ತಂತಿಬಲೆ ಕಿತ್ತುಹೋಗಿತ್ತು. ಸಾಮಾನ್ಯ ಕೋಳಿಗಳೆಲ್ಲ ಸಂಜೆಗೆ ತಾವಾಗಿಯೇ ವಾಪಸು ಬಂದವು. ಬಾಬಾ ಆಸೆಯಿಂದ ಸಾಕಿದ್ದ ಟರ್ಕಿ ಕೋಳಿಗಳು ಮಾತ್ರ ಬರಲಿಲ್ಲ. ಒಂದು ದೊಡ್ಡ ಹುಂಜ, ನಾಲ್ಕೈದು ಹೇಂಟೆಗಳು. ಹಗಲು ಪೊದೆಗಳ ನಡುವೆ ಮೇಯುತ್ತ, ರಾತ್ರಿ ಬೋರೆ ಮರ ಹತ್ತಿ ಮಲಗುತ್ತ ಅವು ಕಾಡಿನ ಹಕ್ಕಿಗಳೇ ಆಗಿಬಿಟ್ಟಿದ್ದವು. ನಾನು ಪಂಪು ಬಿಚ್ಚುವಾಗ ಮಗಳು ದೂರದಲ್ಲಿ ಆ ಹುಂಜವನ್ನು ನೋಡಿ ಬಾಯಿ ತೆರೆದು ನಿಂತಿದ್ದಳು. ಅದು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಕೊರಳಿನ ಕೆಂಪು ಜೋಲನ್ನು ಅಲ್ಲಾಡಿಸುತ್ತ, ಮದುಮಗನ ಹಾಗೆ ಆಚೀಚೆ ನಡೆಯುತ್ತಿತ್ತು.

"ಬೇಕಾ ನಿನಗೆ?" ಎಂದು ಬಾಬಾ ಅವಳನ್ನು ಕೇಳಿದರು. "ಹಿಡಿ. ಹಿಡಿದರೆ ನಿನ್ನದು. ನಾಯಿ ಬೇಡ, ಬಂದೂಕು ಮಾಫಿ, ಅದೂ ಬೇಡ. ನೀನು ಮತ್ತು ನಿನ್ನ ಅಪ್ಪ ಮಾತ್ರ."

"ಪಪ್ಪ, ಹಿಡಿಯುವಾ? ಪ್ಲೀಸ್, ಹಿಡಿಯುವ ಪಪ್ಪ!"

ಅಲ್ಲಿಂದ ಶುರುವಾಯಿತು ನಮ್ಮ ಬೇಟೆ. ಊರಿನಲ್ಲಿ ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸುವ ಕೆಲಸ ಅಕ್ಕನದಾಗಿತ್ತು. ನಾನು ಜೀವಮಾನದಲ್ಲಿ ಒಂದು ಕೋಳಿಮರಿಯನ್ನೂ ಹಿಡಿದವನಲ್ಲ. ಆದರೂ ಎಂಟು ವರ್ಷದ ಮಗಳ ಎದುರು 'ನನಗೆ ಬರುವುದಿಲ್ಲ' ಎನ್ನುವುದು ಹೇಗೆ? ಪಂಪಿನ ಕೆಲಸ ಮುಗಿಸಿ, ಒಂದು ಗೋಣಿಚೀಲ ಹಿಡಿದು ಹುಂಜದ ಹಿಂದೆ ಓಡಿದೆ. ಅಷ್ಟು ದಪ್ಪದ ಹಕ್ಕಿ ಅಷ್ಟು ವೇಗವಾಗಿ ಓಡುತ್ತದೆಂದು ನನಗೆ ಗೊತ್ತಿರಲಿಲ್ಲ. ಹಾರುತ್ತದೆಂದಂತೂ ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಹತ್ತಿರ ತಲುಪಿದ ಕೂಡಲೇ ಅದು ದಡಬಡನೆ ರೆಕ್ಕೆ ಬಡಿದು ನನ್ನ ತಲೆಯ ಮೇಲೆಯೇ ಹಾರಿ ಗೋಡೆಯ ಮೇಲೆ ಕುಳಿತಿತು. ನಾನು ಮುಳ್ಳಿನ ಪೊದೆಯಲ್ಲಿ ಬಿದ್ದಿದ್ದೆ. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಾಬಾ ನಗಲಿಲ್ಲ. ಹಾಲಿಲ್ಲದ ಸುಲೈಮಾನಿ ಚಹಾದ ಲೋಟ ನನ್ನ ಕೈಗೆ ಕೊಟ್ಟು, "ಮುಹಂದಿಸ್, ಓಡುವವನಿಗೆ ಹಕ್ಕಿ ಸಿಗುವುದಿಲ್ಲ. ಕೂತವನಿಗೆ ಸಿಗುತ್ತದೆ. ಮುಂದಿನ ಶುಕ್ರವಾರ ಬಾ, ಕೂರುವುದು ಕಲಿ" ಎಂದರು.

ಮುಂದಿನ ಶುಕ್ರವಾರ ಹೋದೆವು. ಬಾಬಾ ಪ್ರಾಯದಲ್ಲಿ ಗಿಡುಗ ಕಟ್ಟಿಕೊಂಡು ಮರಳುಗಾಡಿನಲ್ಲಿ ತಿಂಗಳುಗಟ್ಟಲೆ ಬೇಟೆಯಾಡಿದವರು. ಮೊದಲು ಅವರು ಮಗಳ ಗುಲಾಬಿ ಬಣ್ಣದ ಜಾಕೆಟ್ಟನ್ನು ಕಳಚಿಸಿದರು. ಹಕ್ಕಿಗೆ ಬಣ್ಣ ನಮಗಿಂತ ಚೆನ್ನಾಗಿ ಕಾಣುತ್ತದಂತೆ. ಚಳಿಗೆಂದು ತಮ್ಮ ಹಳೆಯ ಮಣ್ಣುಬಣ್ಣದ ಶಾಲನ್ನು ಅವಳಿಗೆ ಹೊದಿಸಿದರು. ಬೋರೆ ಮರದ ಬುಡಕ್ಕೆ ಬೆನ್ನು ಕೊಟ್ಟು ನಮ್ಮಿಬ್ಬರನ್ನೂ ಕೂರಿಸಿದರು. ಕಾಳು ಸ್ವಲ್ಪ ದೂರದಲ್ಲಿ ಚೆಲ್ಲಿದರು. "ಕೈ ಅಲ್ಲಾಡಬಾರದು. ಮಾತು ಖಲಾಸ್" ಎಂದು ಹೇಳಿ ಹೋಗಿಬಿಟ್ಟರು.

ಮಾತು ನಿಲ್ಲಿಸುವುದು ನನ್ನ ಮಗಳಿಗೆ ಉಸಿರು ನಿಲ್ಲಿಸಿದ ಹಾಗೆ. ಮೊದಲು ಕಾಲು ತುರಿಸಿತು. ಆಮೇಲೆ ಇರುವೆ ಬಂತು. ಆಮೇಲೆ ನೀರು ಬೇಕಾಯಿತು. "ಪಪ್ಪ, ಅದು ಬರುದೇ ಇಲ್ಲ, ಇಟ್ಸ್ ಸೋ ಬೋರಿಂಗ್" ಎಂದು ಪಿಸುಗುಟ್ಟಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಸ್ವಲ್ಪ ಹೊತ್ತಿಗೆ ಅವಳು ತಲೆಯನ್ನು ನನ್ನ ತೋಳಿಗೆ ಒರಗಿಸಿದಳು. ಗಾಳಿಗೆ ಖರ್ಜೂರದ ಗರಿ ಸರಸರ ಎನ್ನುತ್ತಿತ್ತು. ಆಡಿನ ಗಂಟೆ ಎಲ್ಲೋ ಕೇಳುತ್ತಿತ್ತು. ಅವಳ ಕೂದಲಿನಲ್ಲಿ ಅಮ್ಮ ಬೆಳಿಗ್ಗೆ ಹಚ್ಚಿದ ತೆಂಗಿನೆಣ್ಣೆಯ ವಾಸನೆ. ಆ ಊರಿಗೆ ಬಂದ ಮೇಲೆ ಮಗಳ ಜೊತೆ ಅಷ್ಟು ಹೊತ್ತು, ಅಷ್ಟು ಹತ್ತಿರ, ಫೋನ್ ಮುಟ್ಟದೆ ಕುಳಿತದ್ದು ಅದೇ ಮೊದಲು. ಆ ದಿನ ಹುಂಜ ಬರಲಿಲ್ಲ. ಮನೆಗೆ ವಾಪಸಾಗುವಾಗ ನನಗೆ ಅದರ ಬೇಸರ ಎಳ್ಳಷ್ಟೂ ಇರಲಿಲ್ಲ.

ಹೀಗೆ ಕೆಲವು ಶುಕ್ರವಾರಗಳು ಕಳೆದವು. ಹೇಂಟೆಗಳು ಬಂದು ಕಾಳು ತಿಂದು ಹೋಗುತ್ತಿದ್ದವು. ಹುಂಜ ಮಾತ್ರ ಪೊದೆಯ ಅಂಚಿನವರೆಗೆ ಬಂದು, ಕುತ್ತಿಗೆ ಚಾಚಿ ನೋಡಿ, ಹಿಂದಿರುಗುತ್ತಿತ್ತು. ಒಂದು ದಿನ ಮಗಳಿಗೆ ಸೀನು ಬಂತು. ಮೂಗು ಹಿಡಿದರೂ ನಿಲ್ಲಲಿಲ್ಲ, ಆಕ್ಷೀ ಎಂದಳು. ಎಲ್ಲ ಹಾಳಾಯಿತೆಂದು ನಾನು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಪೊದೆಯೊಳಗಿಂದ 'ಗೊಳಗೊಳಗೊಳ' ಎಂದು ಹುಂಜದ ಉತ್ತರ ಬಂತು! ಅವಳು ನನ್ನ ಮುಖ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು ಅದರ ಹಾಗೆಯೇ 'ಗೊಳಗೊಳಗೊಳ' ಎಂದಳು. ಮತ್ತೆ ಉತ್ತರ. ಈ ಸಲ ಇನ್ನೂ ಹತ್ತಿರದಿಂದ.

ಓಡಿಹೋಗಿ ಬಾಬಾಗೆ ಹೇಳಿದಳು. ಅವರ ಮುಖ ಅರಳಿತು. "ಅವನಿಗೆ ಕೋಪ ಬಂದಿದೆ, ಬಿಂತ್. ನನ್ನ ಮನೆಗೆ ಇನ್ನೊಬ್ಬ ಹುಂಜ ಬಂದ ಅಂತ ಎಣಿಸಿದ್ದಾನೆ. ಒಂದೇ ಸಮನೆ ಕರೆಯಬೇಡ. ಒಂದು ಸಲ ಕರೆ, ಮತ್ತೆ ಸುಮ್ಮನಿರು. ಅವನೇ ಹುಡುಕಿಕೊಂಡು ಬರಲಿ."

ಬಿಂತ್ ಎಂದರೆ ಹುಡುಗಿ. ಆ ವಾರವಿಡೀ ಬಿಂತ್ ಮನೆಯಲ್ಲಿ ಅಭ್ಯಾಸ ಮಾಡಿದಳು. ಬಚ್ಚಲಿನಲ್ಲಿ ಗೊಳಗೊಳ, ಊಟಕ್ಕೆ ಕೂತಾಗ ಗೊಳಗೊಳ. "ಎಂತ ಮಾರಾಯ್ರೆ ಇದು, ಮಗುವಿಗೆ ಎಂತ ಕಲಿಸಿ ಇಟ್ಟಿದ್ದೀರಿ? ಕೆಳಗಿನ ಹೋಟೆಲಿನವರು ಕೇಳ್ತಿದ್ದಾರೆ" ಎಂದು ನನ್ನವಳು ತಲೆಗೆ ಕೈಯಿಟ್ಟುಕೊಂಡಳು. ನಾನು ಬಾಬಾ ಹೇಳಿದಂತೆ ಒಂದು ಹಳೆಯ ಬಾಗಿಲಿನ ಚೌಕಟ್ಟಿಗೆ ಮೀನಿನ ಬಲೆ ಕಟ್ಟಿದೆ. ಅದರ ಒಂದು ಬದಿಯನ್ನು ಕೋಲಿನ ಮೇಲೆ ಎತ್ತಿ ನಿಲ್ಲಿಸಬೇಕು, ಕೋಲಿಗೆ ಕಟ್ಟಿದ ಹಗ್ಗವನ್ನು ದೂರದಿಂದ ಎಳೆಯಬೇಕು. ಬಲೆಯ ಕೆಳಗೆ ಕಾಳು. ಹಗ್ಗ ಯಾರ ಕೈಯಲ್ಲಿರಬೇಕು ಎಂಬ ಚರ್ಚೆಯೇ ಬರಲಿಲ್ಲ.

ಮಾರ್ಚ್ ತಿಂಗಳಿರಬೇಕು, ಬಿಸಿಲು ಆಗಲೇ ಏರುತ್ತಿತ್ತು. ಮಗಳು ಒಂದು ಸಲ ಕೂಗಿ ಸುಮ್ಮನಾದಳು. ಉತ್ತರ ಬಂತು. ನಾವು ಕಾದೆವು. ಪೊದೆ ಅಲ್ಲಾಡಿತು. ಹುಂಜ ಬಾಲ ಬಿಚ್ಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಎಳೆಯುತ್ತ ಬಂತು. ಬಲೆಯ ಸುತ್ತ ಒಂದು ಸುತ್ತು ಹಾಕಿತು. ಮಗಳ ಎದೆ ಬಡಿದುಕೊಳ್ಳುವುದು ಶಾಲಿನ ಮೇಲಿನಿಂದಲೂ ನನಗೆ ತಿಳಿಯುತ್ತಿತ್ತು. ಹುಂಜ ತಲೆ ಒಳಗೆ ಹಾಕಿತು. ನಾನು 'ಎಳಿ' ಎನ್ನಬೇಕೆಂದಿದ್ದೆ, ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಕಾಲು, ರೆಕ್ಕೆ, ಕೊನೆಗೆ ಬಾಲವೂ ಒಳಗಾದ ಮೇಲೆ ಎಳೆದಳು.

ಚೌಕಟ್ಟು ಧೊಪ್ಪೆಂದು ಬಿತ್ತು. ಬಲೆ ಹೊತ್ತುಕೊಂಡೇ ಹುಂಜ ಏಳತೊಡಗಿತು. ನಾನು ಓಡಿಹೋಗಿ ಅದರ ಮೇಲೆಯೇ ಬಿದ್ದೆ. ಒಂದು ರೆಕ್ಕೆ ಕನ್ನಡಕವನ್ನು ಹಾರಿಸಿತು, ಇನ್ನೊಂದು ಕಿವಿಯ ಮೇಲೆ ಬಾರಿಸಿತು, ನಾನು ಕಿರುಚಿದೆ. "ಪಪ್ಪ, ಬಿಡಬೇಡಿ! ಬಾಬಾ, ಯಲ್ಲಾ, ಯಲ್ಲಾ, ಬೇಗ!" ಎಂದು ಮಗಳು ಕುಣಿಯುತ್ತ ಕೂಗುತ್ತಿದ್ದಳು. ಬಾಬಾ ನಿಧಾನವಾಗಿ ಬಂದು, ತಮ್ಮ ತಲೆಯ ಬಿಳಿ ವಸ್ತ್ರವನ್ನು ತೆಗೆದು ಹುಂಜದ ಮುಖಕ್ಕೆ ಮುಚ್ಚಿದರು. ದೀಪ ಆರಿಸಿದ ಹಾಗೆ ಅದು ಸುಮ್ಮನಾಯಿತು.

"ಖಲಾಸ್, ನಿನ್ನದು," ಎಂದರು ಮಗಳಿಗೆ. "ಸಾಕುತ್ತೀಯೋ, ತಿನ್ನುತ್ತೀಯೋ?"

ಮಗಳು ಅಳುತ್ತಾಳೆ, ಬಿಟ್ಟುಬಿಡಿ ಎನ್ನುತ್ತಾಳೆ ಎಂದು ನಾನು ಎಣಿಸಿದ್ದೆ. ನಿಜ ಹೇಳಬೇಕೆಂದರೆ ನನಗೇ ಹಾಗೆನ್ನಿಸಿತ್ತು. ಅವಳು ಸ್ವಲ್ಪ ಯೋಚಿಸಿ, "ಅಮ್ಮ ಸುಕ್ಕ ಮಾಡ್ತಾರೆ," ಎಂದಳು.

ಬಾಬಾ ತಾವೇ ಬಿಸ್ಮಿಲ್ಲಾ ಹೇಳಿ ಕೊಯ್ದರು. ಅವಳು ಮುಖ ತಿರುಗಿಸಲಿಲ್ಲ, ನನ್ನ ಕೈ ಮಾತ್ರ ಬಿಗಿಯಾಗಿ ಹಿಡಿದಿದ್ದಳು. ಮರುವಾರ ನನ್ನವಳು ರಜೆ ಹಾಕಿ, ತೆಂಗಿನಕಾಯಿ ಹುರಿದು ಮಸಾಲೆ ಅರೆದು, ಎರಡು ಸಲ ಕುಕ್ಕರ್ ಕೂಗಿಸಿ, ಸುಕ್ಕವನ್ನು ತೋಟಕ್ಕೇ ತಂದಳು. ಎಲ್ಲರೂ ಚಾಪೆಯ ಮೇಲೆ ಕುಳಿತೆವು. ಮುದಿ ಹುಂಜದ ಮಾಂಸ ತೆಂಗಿನ ನಾರಿನ ಹಗ್ಗದ ಹಾಗಿತ್ತು. ಬಾಬಾರ ಕಣ್ಣಲ್ಲಿ ಖಾರಕ್ಕೆ ನೀರು ಸುರಿಯುತ್ತಿತ್ತು. "ಬಹುತ್ ಅಚ್ಛಾ" ಎನ್ನುತ್ತ ಮತ್ತೆ ಮತ್ತೆ ಹಾಕಿಸಿಕೊಂಡರು. ಹುಂಜವಿಲ್ಲದೆ ಹೇಂಟೆಗಳು ಆ ವಾರವೇ ತಾವಾಗಿ ಕೋಳಿಮನೆಗೆ ಮರಳಿದ್ದವು.

ಆಮೇಲೂ ನಾವು ಚಳಿಗಾಲದಲ್ಲಿ ಅಲ್ಲಿಗೆ ಹೋಗುತ್ತಿದ್ದೆವು, ಬಾಬಾ ಇರುವವರೆಗೆ. ಅವರು ತೀರಿಕೊಂಡಾಗ ನಾವು ದೋಹಾದ ಹೊರಗಿನ ಅಲ್ ವುಕೈರ್‌ಗೆ ಮನೆ ಬದಲಾಯಿಸಿ ಆಗಿತ್ತು. ದುಃಖ ಹೇಳಲು ಮೂವರೂ ಅವರ ಮನೆಗೆ ಹೋದೆವು. ನಾನು ಗಂಡಸರ ಕಡೆ ಕುಳಿತು ಕಹಿ ಕಾಫಿ ಕುಡಿದು ಎದ್ದೆ. ಹೆಂಗಸರ ಕಡೆಯಿಂದ ಹೊರಬಂದ ಮಗಳ ಕಣ್ಣು ಕೆಂಪಾಗಿತ್ತು. "ಒಳಗೆ ಎಲ್ಲರಿಗೂ ನನ್ನ ಗುರುತು ಉಂಟು ಪಪ್ಪ. ಟರ್ಕಿ ಹಿಡಿದ ಬಿಂತ್ ನೀನೇನಾ ಅಂತ ಕೇಳಿದ್ರು" ಎಂದಳು.

ಈಗ ಅವಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಹಾಸ್ಟೆಲಿನ ಗೆಳತಿಯರಿಗೆ ಈ ಕತೆ ಹೇಳುವಾಗ ಒಮ್ಮೊಮ್ಮೆ ಫೋನಿನಲ್ಲಿ ನನ್ನನ್ನೂ ಸಾಕ್ಷಿಗೆ ಕರೆಯುತ್ತಾಳೆ. ಅವಳ ಕತೆಯಲ್ಲಿ ಹುಂಜ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ, ನಾನು ಇನ್ನೂ ಜೋರಾಗಿ ಕಿರುಚುತ್ತಿದ್ದೇನೆ. ಬೋರೆ ಮರದ ಕೆಳಗೆ ಕಾದ ಆ ಶುಕ್ರವಾರಗಳ ಬಗ್ಗೆ ಒಮ್ಮೆ ಅವಳನ್ನು ಕೇಳಿದೆ. "ಅಷ್ಟು ಹೊತ್ತು ಕೂತಿದ್ದೆವಾ? ನನಗೆ ನೆನಪೇ ಇಲ್ಲ ಪಪ್ಪ" ಎಂದಳು. ನನಗೆ ನೆನಪಿರುವುದು ಅದೇ. ಆದರೂ ಗೆಳತಿಯರು ಕೇಳಿದಾಗ, ಹೌದು, ಹುಂಜ ಆಡಿನಷ್ಟು ದೊಡ್ಡದಿತ್ತು ಎಂದೇ ಹೇಳುತ್ತೇನೆ.